ಸೌಂದರ್ಯಮೀಮಾಂಸೆ: ಮಲೆನಾಡಿನ ನೋಡುಗರೂ ಕೇಳುಗರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜು ತರಗತಿಗಳಲ್ಲಿ, ರಸಗ್ರಹಣ ಶಿಬಿರಗಳಲ್ಲಿ, ನಾಟಕವೋ ಯಕ್ಷಗಾನದ ಆಟವೋ ಮುಗಿದ ಮೇಲಿನ ಚರ್ಚೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮೊದಲಿಂದ ಕೊನೆಯವರೆಗೆ ಓದಬೇಕೆಂದಿಲ್ಲ. ಮೊದಲ ಉತ್ತರ ಓದಿಕೊಂಡು, ಬಳಿಕ ನಿಮಗೆ ಬೇಕಾದಲ್ಲಿಗೆ ಹೋಗಬಹುದು.

ಸೌಂದರ್ಯಮೀಮಾಂಸೆ ಎಂದರೆ ಯಾವುದು ಚಂದ, ಯಾವುದು ಚಂದವಲ್ಲ ಎಂದು ತೀರ್ಪು ಕೊಡುವ ಶಾಸ್ತ್ರವೇ?

ಅಲ್ಲ. ಅದು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಕಲೆ ಎಂದು ಯಾವುದನ್ನು ಕರೆಯುತ್ತೇವೆ? ಕಲೆಯ ಅನುಭವ ಎಂಥದ್ದು, ಅದು ಯಾರೊಳಗೆ ಹೇಗೆ ಆಗುತ್ತದೆ? ಒಂದು ಕೃತಿ ಚೆನ್ನಾಗಿದೆ ಎನ್ನುವ ಮಾತಿಗೆ ಆಧಾರವೇನು?

ಈ ಮೂರನ್ನೂ ಕಲಸಿಕೊಂಡಾಗಲೇ ಜಗಳ ಹತ್ತುವುದು. ಆಧುನಿಕ ಶಿಲ್ಪವೊಂದರ ಮುಂದೆ ನಿಂತು 'ಇದು ಕಲೆಯೇ ಅಲ್ಲ' ಎನ್ನುವವರು ಬಹಳ ಸಲ ಹೇಳಬೇಕೆಂದಿರುವುದು 'ನನಗೇನೂ ಅನ್ನಿಸಲಿಲ್ಲ' ಎಂದು. ಅದು ಎರಡನೆಯ ಪ್ರಶ್ನೆಗೆ ಉತ್ತರ. ಇನ್ನು ಕೆಲವರು ಹೇಳಬೇಕೆಂದಿರುವುದು 'ಕೆಲಸ ಕಚ್ಚಾ ಆಗಿದೆ' ಎಂದು. ಅದು ಮೂರನೆಯದಕ್ಕೆ. ಕೆಟ್ಟ ಕವಿತೆಯೂ ಕವಿತೆಯೇ. ಹಾಗಾಗಿ ಯಾವುದೇ ಚರ್ಚೆಯಲ್ಲಿ ಮೊದಲು ಮಾಡಬೇಕಾದದ್ದು, ಎದುರಿನವರು ಈ ಮೂರರಲ್ಲಿ ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಗುರುತಿಸಿಕೊಳ್ಳುವುದು. ಇತಿಹಾಸದ ದೊಡ್ಡ ಹೆಸರುಗಳೂ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟಿಲ್ಲ. ನಾಟ್ಯಶಾಸ್ತ್ರದ ಕರ್ತೃ ಭರತನನ್ನು 'ಕಲೆ ಎಂದರೇನು' ಎಂದು ಕೇಳಿದರೆ ಅವನಿಂದ ಉತ್ತರ ಸಿಗದು, ಅದು ಅವನ ಪ್ರಶ್ನೆಯಲ್ಲ.

ಈ ಶಾಸ್ತ್ರ ಯಾವಾಗ ಹುಟ್ಟಿತು? 18ನೆಯ ಶತಮಾನವೆಂದು ಕೆಲವರು, ಭರತನ ಕಾಲವೆಂದು ಕೆಲವರು ಹೇಳುತ್ತಾರೆ.

ಎರಡೂ ಸರಿ. ವಿಚಾರ ಹಳೆಯದು, ಪ್ರತ್ಯೇಕ ಶಾಸ್ತ್ರವೆಂಬ ಹಣೆಪಟ್ಟಿ ಹೊಸದು. ಪ್ಲೇಟೋ ತನ್ನ ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಿಡಲು ಕೊಟ್ಟ ಕಾರಣ ಪ್ರಸಿದ್ಧ: ಮಂಚವೆಂಬ ಮೂಲರೂಪ ಒಂದು, ಬಡಗಿ ಮಾಡಿದ ಮಂಚ ಅದರ ನಕಲು, ಚಿತ್ರಕಾರ ಬರೆದದ್ದು ಆ ನಕಲಿನ ನಕಲು. ಅವನ ಶಿಷ್ಯ ಅರಿಸ್ಟಾಟಲ್ ತಿರುಗಿ ವಾದಿಸಿದ. ಅನುಕರಣೆ ಮನುಷ್ಯ ಕಲಿಯುವ ಬಗೆ, ದುರಂತ ನಾಟಕವು ಕರುಣೆ ಮತ್ತು ಭಯಗಳನ್ನು ಎಬ್ಬಿಸಿ ಅವುಗಳ ಶೋಧನೆಯನ್ನೂ ಮಾಡುತ್ತದೆ ಎಂದ. ನಮ್ಮಲ್ಲಿ ರಸ, ಅಂದರೆ ಕಲೆಯ ಆಸ್ವಾದ, ಹೇಗೆ ಹುಟ್ಟುತ್ತದೆ ಎಂದು ಹೇಳುವ ನಾಟ್ಯಶಾಸ್ತ್ರದ 6ನೆಯ ಅಧ್ಯಾಯದ ರಸಸೂತ್ರದಿಂದ ಹಿಡಿದು ಕಾಶ್ಮೀರದ ಆನಂದವರ್ಧನ, ಅಭಿನವಗುಪ್ತರವರೆಗೆ ಶತಮಾನಗಳ ವಾದ ನಡೆದಿದೆ.

ಜರ್ಮನಿಯ ಬೌಮ್‌ಗಾರ್ಟನ್ 1735ರಲ್ಲಿ ಇಂದ್ರಿಯಗಳ ಮೂಲಕ ಆಗುವ ಅರಿವಿಗೆ ಒಂದು ಪ್ರತ್ಯೇಕ ಶಾಸ್ತ್ರ ಬೇಕೆಂದು ಹೇಳಿ ಅದಕ್ಕೆ 'ಏಸ್ಥೆಟಿಕ' ಎಂದು ಹೆಸರಿಟ್ಟ. 1750ರಲ್ಲಿ ಅದೇ ಹೆಸರಿನ ಗ್ರಂಥದ ಮೊದಲ ಸಂಪುಟ ಬಂತು. ತರ್ಕಕ್ಕೆ ಹೋಲಿಸಿದರೆ ಮಸುಕಾದದ್ದು ಎಂದು ಆವರೆಗೆ ತಳ್ಳಿಹಾಕಿದ್ದ ಅರಿವಿಗೂ ತನ್ನದೇ ಆದ ಪೂರ್ಣತೆ ಇದೆ ಎಂಬುದು ಅವನ ವಾದ. ಇವತ್ತಿಗೂ ಈ ಮಾತು ಹಳತಾಗಿಲ್ಲ.

ನನಗೆ ಇಷ್ಟವಾಯಿತು ಎಂದರೆ ಮುಗಿಯಿತಲ್ಲ? ಅಭಿರುಚಿಯ ಬಗ್ಗೆ ವಾದ ಯಾಕೆ?

ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್ 1757ರ ಪ್ರಬಂಧವೊಂದರಲ್ಲಿ ಹಿಡಿದದ್ದು ಇದೇ ಪ್ರಶ್ನೆಯನ್ನು. ಎಲ್ಲರ ರುಚಿಯೂ ಅವರವರಿಗೆ ಸರಿ ಎಂದು ಬಾಯಲ್ಲಿ ಹೇಳುತ್ತೇವೆ, ಆದರೆ ವ್ಯವಹಾರದಲ್ಲಿ ಹಾಗೆ ನಡೆದುಕೊಳ್ಳುವುದಿಲ್ಲ. ಅವನು 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಸೇವಕ ಸಾಂಕೋ ಪಾಂಝಾನ ಬಂಧುಗಳಿಬ್ಬರ ಕತೆ ಎತ್ತಿಕೊಳ್ಳುತ್ತಾನೆ. ಒಂದೇ ಪೀಪಾಯಿಯ ದ್ರಾಕ್ಷಾರಸದಲ್ಲಿ ಒಬ್ಬನಿಗೆ ತೊಗಲಿನ ರುಚಿ, ಇನ್ನೊಬ್ಬನಿಗೆ ಕಬ್ಬಿಣದ ರುಚಿ ಸಿಕ್ಕಿತು. ಎಲ್ಲರೂ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದಕೈ ಇತ್ತು.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕೈಗೆ ತೆಗೆದುಕೊಂಡ ಕೂಡಲೇ ಹೇಳುವವರನ್ನು ನೋಡಿದವರಿಗೆ ಹ್ಯೂಮ್ ಹೇಳುವುದು ಬೇಗ ತಿಳಿಯುತ್ತದೆ. ಅಲ್ಲಿ 'ನನಗನ್ನಿಸಿದ್ದು ನನಗೆ' ನಡೆಯುವುದಿಲ್ಲ. ಒಳ್ಳೆಯ ತೀರ್ಪುಗಾರನಲ್ಲಿ ಅವನು ಬಯಸುವುದು ಐದು: ಸೂಕ್ಷ್ಮ ಸಂವೇದನೆ, ಗಟ್ಟಿಯಾದ ವಿವೇಕ, ಅಭ್ಯಾಸ, ಹೋಲಿಸಿ ನೋಡಿದ ಅನುಭವ, ಪೂರ್ವಗ್ರಹ ಇಲ್ಲದಿರುವುದು. ಇವುಗಳಲ್ಲಿ ಅಭ್ಯಾಸ ಮತ್ತು ಹೋಲಿಕೆ ಯಾರಿಗಾದರೂ ಸಾಧ್ಯ. ಒಂದೇ ಪ್ರಸಂಗವನ್ನು ಮೂರು ಮೇಳಗಳಲ್ಲಿ ನೋಡಿದವರ ಮಾತಿಗೆ, ಒಮ್ಮೆ ಮಾತ್ರ ನೋಡಿದವರ ಮಾತಿಗಿಂತ ತೂಕ ಇರುವುದು ಈ ಕಾರಣಕ್ಕೇ.

ಈ ವಾದದ ದೌರ್ಬಲ್ಯವೂ ಗೊತ್ತಿರಲಿ. ಪೂರ್ವಗ್ರಹ ಇಲ್ಲದವರು ಯಾರು ಎಂದು ತೀರ್ಮಾನಿಸುವವರು ಯಾರು? ಹ್ಯೂಮನ ಕಣ್ಣ ಮುಂದಿದ್ದ ತೀರ್ಪುಗಾರರು ಅವನ ವರ್ಗದ, ಅವನ ನಾಡಿನ ಗಂಡಸರು. ಅಡುಗೆಮನೆಯ ಗೋಡೆಗೆ ಚಿತ್ತಾರ ಬರೆದ ಹೆಂಗಸನ್ನು ಆ ಸಭೆಗೆ ಯಾರೂ ಕರೆದಿರಲಿಲ್ಲ.

ಕಾಂಟ್ ಹೇಳುವ 'ನಿರಾಸಕ್ತ' ಆನಂದ ಎಂದರೆ ಆಸಕ್ತಿಯೇ ಇಲ್ಲದಿರುವುದೇ?

ಜರ್ಮನ್ ತತ್ತ್ವಜ್ಞ ಕಾಂಟನ ಈ ಮಾತು ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ. ಬೇಸರದಿಂದ ನೋಡುವುದು ಎಂದು ಅರ್ಥವಲ್ಲ. ಆ ವಸ್ತು ನನ್ನದಾಗಬೇಕು, ನನಗೆ ಉಪಯೋಗಕ್ಕೆ ಬರಬೇಕು ಎಂಬ ಬಯಕೆ ತೀರ್ಪಿನೊಳಗೆ ನುಸುಳಬಾರದು ಎಂದಷ್ಟೇ.

ಸಾಗರ, ಸೊರಬದ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯೊಂದನ್ನು ಕೈಗೆ ತೆಗೆದುಕೊಳ್ಳಿ. ಮೂಗಿಗೆ ಬರುವ ಪರಿಮಳ ಹಿತವಾಗಿದೆ. ಕಾಂಟ್ ಇದನ್ನು ಬರಿಯ ಹಿತ ಎನ್ನುತ್ತಾನೆ, ಇದು ನನಗೆ ಮಾತ್ರ. ಗಂಧ ಬೆಲೆಬಾಳುತ್ತದೆ ಎಂಬುದು ಪ್ರಯೋಜನದ ಲೆಕ್ಕ. ಮುಚ್ಚಳದ ಮೇಲೆ ಬಳ್ಳಿ ಬಳುಕಿ ಮೂಲೆಗೆ ಬಂದಾಗ ಎಲೆ ಹೇಗೆ ಒಳಕ್ಕೆ ಮಡಿಸಿಕೊಂಡಿದೆ, ಸಾಲು ಎಲ್ಲೂ ಹರಿಯದೆ ಹೇಗೆ ತಿರುಗಿದೆ ಎಂದು ನೋಡುತ್ತಾ ಕಣ್ಣು ನಿಂತರೆ, ಅದು ಸೌಂದರ್ಯದ ತೀರ್ಪು. 1790ರ ಗ್ರಂಥದಲ್ಲಿ ಅವನು ಇನ್ನೊಂದು ಮಾತು ಸೇರಿಸುತ್ತಾನೆ: 'ಇದು ಸುಂದರ' ಎನ್ನುವಾಗ ನಾವು ಬೇರೆಯವರೂ ಒಪ್ಪಬೇಕೆಂದು ಕೇಳುತ್ತಿರುತ್ತೇವೆ, ಆದರೆ ಒಪ್ಪಿಸುವುದಕ್ಕೆ ನಮ್ಮಲ್ಲಿ ಸೂತ್ರವಿಲ್ಲ. ವಿಮರ್ಶೆಯ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ.

ರಸಸೂತ್ರವನ್ನು ಒಂದು ದೃಶ್ಯಕ್ಕೆ ಅನ್ವಯಿಸುವುದು ಹೇಗೆ?

ಸೂತ್ರ ಚಿಕ್ಕದು. ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸನಿಷ್ಪತ್ತಿ, ಅಂದರೆ ರಸ ಹುಟ್ಟುವುದು. ವಿಭಾವ ಎಂದರೆ ಭಾವಕ್ಕೆ ಕಾರಣ, ಅನುಭಾವ ಅದು ಹೊರಗೆ ಕಾಣುವ ಚಿಹ್ನೆ, ವ್ಯಭಿಚಾರಿ ಬಂದು ಹೋಗುವ ಭಾವ, ಸ್ಥಾಯಿ ಅವುಗಳ ಕೆಳಗೆ ನಿಲ್ಲುವ ಭಾವ, ಸಾತ್ತ್ವಿಕ ಬೆವರು, ಕಣ್ಣೀರಿನಂತೆ ತಾನಾಗಿ ಮೈಮೇಲೆ ಕಾಣುವುದು. ಲೆಕ್ಕವೂ ಸ್ಪಷ್ಟ: 8 ಸ್ಥಾಯಿ, 33 ವ್ಯಭಿಚಾರಿ, 8 ಸಾತ್ತ್ವಿಕ, ಒಟ್ಟು 49 ಭಾವಗಳು. ಶಾಂತವನ್ನು ಸೇರಿಸಿ ರಸ ಒಂಬತ್ತೆನ್ನುವುದು ನಂತರದ ವಾದ, ಅದಕ್ಕೆ ಬಲ ತಂದವನು ಅಭಿನವಗುಪ್ತ.

ಬಡಗುತಿಟ್ಟಿನ ಯಕ್ಷಗಾನದಲ್ಲಿ ಭೀಷ್ಮವಿಜಯ ಪ್ರಸಂಗದ ಅಂಬೆ ಎಲ್ಲರಿಗೂ ಪರಿಚಿತಳು. ಸಾಲ್ವ ತಿರಸ್ಕರಿಸಿದ ಮೇಲೆ ಅವಳು ಭೀಷ್ಮನೆದುರು ಬಂದು ನಿಲ್ಲುವ ಭಾಗವನ್ನೇ ತೆಗೆದುಕೊಳ್ಳಿ. ಎದುರಿಗಿರುವ ಭೀಷ್ಮ ಆಲಂಬನ ವಿಭಾವ, ಅಂದರೆ ಭಾವಕ್ಕೆ ಆಸರೆ. ಸಾಲ್ವನ ಮಾತು, ತುಂಬಿದ ಸಭೆ ಉದ್ದೀಪನ ವಿಭಾವಗಳು, ಭಾವವನ್ನು ಕೆರಳಿಸುವವು. ಸೆರಗಿನ ತುದಿಯನ್ನು ಬಿಗಿಹಿಡಿದ ಕೈ, ಅರ್ಧಕ್ಕೆ ನಿಂತ ಹೆಜ್ಜೆ, ನೆಲದಿಂದ ಮೇಲೇಳದ ದೃಷ್ಟಿ ಅನುಭಾವ. ಸ್ವರ ಒಡೆಯುವುದು ಸಾತ್ತ್ವಿಕಗಳಲ್ಲೊಂದಾದ ಸ್ವರಭೇದ. ಮೊದಲು ದೈನ್ಯ, ನಡುವೆ ಸ್ಮೃತಿ, ಆಮೇಲೆ ಅಮರ್ಷ (ಅಪಮಾನ ಸಹಿಸದ ಸಿಟ್ಟು), ಕೊನೆಗೆ ಉಗ್ರತೆ ಹೀಗೆ ವ್ಯಭಿಚಾರಿಗಳು ಬಂದು ಹೋಗುತ್ತವೆ. ಅವುಗಳ ಕೆಳಗೆ ಸ್ಥಾಯಿ ಶೋಕದಿಂದ ಕ್ರೋಧಕ್ಕೆ ಹೊರಳುತ್ತದೆ.

ಕಲಾವಿದ ದೈನ್ಯವನ್ನು ಹಾರಿಸಿ ಮೊದಲ ಮಾತಿಗೇ ಉಗ್ರತೆಗೆ ಹೋದರೆ ಏನಾಗುತ್ತದೆ ನೋಡಿ. ಕೂಗು ಜೋರಾಗಿರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ರೌದ್ರಕ್ಕೆ ಏರಲು ಮೆಟ್ಟಿಲೇ ಇರುವುದಿಲ್ಲ, ಪ್ರೇಕ್ಷಕನಲ್ಲಿ ಅದು ಹುಟ್ಟುವುದಿಲ್ಲ. 'ಅಭಿನಯ ಅತಿಯಾಯಿತು' ಎನ್ನುವುದಕ್ಕಿಂತ 'ದೈನ್ಯ ಬಿಟ್ಟುಹೋಯಿತು' ಎಂದು ಹೇಳಿದರೆ ಕಲಾವಿದನಿಗೂ ಕೆಲಸಕ್ಕೆ ಬರುತ್ತದೆ.

ರಸ ಇರುವುದು ಯಾರಲ್ಲಿ? ಪಾತ್ರದಲ್ಲೋ, ಪಾತ್ರಧಾರಿಯಲ್ಲೋ, ನೋಡುಗನಲ್ಲೋ?

ರಸಸೂತ್ರವನ್ನು ವಿವರಿಸಿದ ಪಂಡಿತರ ಉತ್ತರಗಳು ಬೇರೆ ಬೇರೆ. ಭಟ್ಟ ಲೊಲ್ಲಟನಿಗೆ ಅದು ಮುಖ್ಯವಾಗಿ ಮೂಲಪಾತ್ರದಲ್ಲಿ, ಅಂದರೆ ರಾಮನಲ್ಲಿ. ಶ್ರೀಶಂಕುಕನಿಗೆ ನಟ ಅನುಕರಿಸಿದ್ದನ್ನು ಪ್ರೇಕ್ಷಕ ಊಹಿಸುತ್ತಾನೆ. ಅವನ ಚಿತ್ರತುರಗ ನ್ಯಾಯ ಮರೆಯಬಾರದ್ದು: ಬರೆದ ಕುದುರೆಯನ್ನು ನೋಡುವಾಗ ಅದು ನಿಜವಾದ ಕುದುರೆ ಎಂದಾಗಲಿ, ಸುಳ್ಳೆಂದಾಗಲಿ, ಹೌದೋ ಅಲ್ಲವೋ ಎಂದಾಗಲಿ, ಕುದುರೆಯಂತಿದೆ ಎಂದಾಗಲಿ ತಿಳಿಯುವುದಿಲ್ಲ. ಈ ನಾಲ್ಕಕ್ಕೂ ಸೇರದ ಬೇರೆಯೇ ಬಗೆಯ ಅರಿವು ಅದು. ಭಟ್ಟನಾಯಕ ಸಾಧಾರಣೀಕರಣವನ್ನು ತಂದ. ಸೀತೆಯ ದುಃಖ ಇಂಥವಳದೇ ಎಂಬ ಗುರುತು ಕಳಚಿ ಎಲ್ಲರದಾಗುತ್ತದೆ. ಅಭಿನವಗುಪ್ತ ಅದನ್ನು ಇಟ್ಟುಕೊಂಡು, ಸಹೃದಯನಲ್ಲಿ, ಅಂದರೆ ಮನಸ್ಸು ತೆರೆದ ನೋಡುಗನಲ್ಲಿ, ಮೊದಲೇ ಇರುವ ವಾಸನೆ (ಹಿಂದಿನ ಅನುಭವಗಳ ಸಂಸ್ಕಾರ) ಎಚ್ಚರಗೊಂಡು ಆಸ್ವಾದವಾಗುತ್ತದೆ ಎಂದ.

ಪಾತ್ರಧಾರಿ ನಿಜವಾಗಿ ಅತ್ತರೆ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಅವನು ಅತ್ತು ಗಂಟಲು ಕಟ್ಟಿ ಮಾತು ಕೇಳದೆ ಹೋದರೆ ಅಳುವುದು ಅವನಿಗಷ್ಟೇ ಉಳಿಯುತ್ತದೆ.

ಕಥೆ ಒಳ್ಳೆಯದು, ಕಲಾವಿದರು ಒಳ್ಳೆಯವರು, ಆದರೂ ಪ್ರದರ್ಶನ ಹತ್ತಲಿಲ್ಲ. ಯಾಕೆ?

ಅಭಿನವಗುಪ್ತ ಇದಕ್ಕೆ ನೇರವಾಗಿ ಉತ್ತರಿಸಿದ್ದಾನೆ. ರಸಕ್ಕೆ ಅಡ್ಡಬರುವ 7 ವಿಘ್ನಗಳನ್ನೂ ಅವುಗಳ ಪರಿಹಾರವನ್ನೂ ಅವನು ಹೇಳುತ್ತಾನೆ. ಸಾವಿರ ವರ್ಷ ಹಳೆಯದಾದರೂ ನಮ್ಮ ಬಯಲಾಟದ ರಂಗಸ್ಥಳಕ್ಕೂ ಸಭಾಭವನಕ್ಕೂ ಇದರಷ್ಟು ಉಪಯೋಗಕ್ಕೆ ಬರುವ ತನಿಖಾಪಟ್ಟಿ ಇನ್ನೊಂದಿಲ್ಲ.

ಮೊದಲನೆಯದು ಸಂಭಾವನಾವಿರಹ. ನಡೆಯುತ್ತಿರುವುದು ನಂಬಲು ಬರುವುದಿಲ್ಲ. ಹನುಮಂತ ಸಮುದ್ರ ಹಾರಿದರೆ ನಂಬುತ್ತೇವೆ, ಯಾಕೆಂದರೆ ಅವನ ಕಥೆ ನಮ್ಮೊಳಗೆ ಮೊದಲೇ ಊರಿದೆ. ಹೊಸದಾಗಿ ಕಟ್ಟಿದ ಪ್ರಸಂಗದಲ್ಲಿ ಅಪರಿಚಿತ ರಾಜನೊಬ್ಬ ಎರಡೇ ಪದ್ಯಗಳಲ್ಲಿ ಮನಸ್ಸು ಬದಲಿಸಿದರೆ ನಂಬುವುದಿಲ್ಲ. ಹಾಗಾಗಿ ಹೊಸ ಪ್ರಸಂಗ ಬರೆಯುವವರು ಪಾತ್ರದ ಹೊರಳುವಿಕೆಗೆ ಪುರಾಣದ ಕವಿಗಿಂತ ಹೆಚ್ಚು ಜಾಗ ಕೊಡಬೇಕಾಗುತ್ತದೆ.

ಎರಡನೆಯದು, ನೋಡುತ್ತಿರುವುದನ್ನು ತನ್ನದೆಂದೋ ಇಂಥವನದೆಂದೋ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಊರ ನಾಟಕದಲ್ಲಿ ರಾಜನ ಪಾತ್ರ ಬಂದ ಕೂಡಲೇ 'ಇವ ನಮ್ಮ ಕಿರಾಣಿ ಅಂಗಡಿಯವ' ಎಂಬ ನಗು ಏಳುವುದು ಇದೇ ವಿಘ್ನ. ಪೂರ್ವರಂಗ (ಕಥೆಗೆ ಮುಂಚಿನ ಭಾಗ), ಕಿರೀಟ ಮುಂತಾದ ವೇಷ, ಲೋಕದ ಮಾತಿಗಿಂತ ಬೇರೆಯಾದ ಮಾತು ಇವೆಲ್ಲ ನಟನ ಗುರುತನ್ನು ಮುಚ್ಚಲು ಇರುವವು ಎನ್ನುತ್ತಾನೆ ಅಭಿನವ. ಯಕ್ಷಗಾನದ ಮುಖವರ್ಣಿಕೆ, ಮುಂಡಾಸು, ಅರ್ಥಗಾರಿಕೆಯ ಭಾಷೆ ಮಾಡುವುದು ಇದನ್ನೇ. ಕಾಲಮಿತಿಯ ಎರಡೂವರೆ, ಮೂರು ಗಂಟೆಯ ಆಟಗಳಲ್ಲಿ ಮೊದಲು ಕತ್ತರಿ ಬೀಳುವುದು ಬಾಲಗೋಪಾಲ, ಸ್ತ್ರೀವೇಷಗಳಿರುವ ಪೂರ್ವರಂಗಕ್ಕೆ. ಸಮಯ ಉಳಿಯುತ್ತದೆ ನಿಜ, ಆದರೆ ಪ್ರೇಕ್ಷಕ ಬಸ್ಸಿನಿಂದಿಳಿದ ಮನಸ್ಸಿನಲ್ಲೇ ಪ್ರಸಂಗಕ್ಕೆ ಬೀಳುತ್ತಾನೆ. ಪೂರ್ತಿ ತೆಗೆಯುವ ಬದಲು ಹತ್ತು ನಿಮಿಷವಾದರೂ ಉಳಿಸಿಕೊಳ್ಳುವುದು ಲೇಸು.

ಮೂರನೆಯದು ತನ್ನ ಸುಖದುಃಖಗಳಿಗೆ ವಶವಾಗಿರುವುದು. ಮನೆಯ ಚಿಂತೆ, ಅಡಿಕೆ ದರ, ಜೇಬಿನಲ್ಲಿ ನಡುಗುವ ಮೊಬೈಲ್. ಹಾಡು, ವಾದ್ಯ, ಸಿಂಗರಿಸಿದ ರಂಗಮಂದಿರ ಇದಕ್ಕೆ ಪರಿಹಾರ. ಆಟಕ್ಕೆ ಮುಂಚೆ ಚೆಂಡೆ, ಮದ್ದಳೆ ಬಾರಿಸುವುದು ಜನ ಸೇರಿಸಲು ಮಾತ್ರವಲ್ಲ.

ನಾಲ್ಕನೆಯದು ಗ್ರಹಿಸುವ ಉಪಾಯದ ಕೊರತೆ, ಅಂದರೆ ಕಾಣದಿರುವುದು, ಕೇಳದಿರುವುದು. ಇದು ತೀರಾ ಸ್ಥೂಲ ಎಂದು ವಿಮರ್ಶಕರು ಬರೆಯುವುದಿಲ್ಲ, ಆದರೆ ಆಟ ಕೆಡುವುದು ಹೆಚ್ಚಾಗಿ ಇಲ್ಲೇ. ಚೆಂಡೆ ತನ್ನಷ್ಟಕ್ಕೇ ದೊಡ್ಡ ಸದ್ದಿನ ವಾದ್ಯ. ಅದರ ಪಕ್ಕಕ್ಕೂ ಮೈಕ್ ಇಟ್ಟರೆ ಭಾಗವತರ ಸಾಹಿತ್ಯ ಮುಳುಗುತ್ತದೆ. ಸ್ಪೀಕರು ಮೈಕಿನ ಹಿಂದೆ ನಿಂತರೆ ಕೂಗು ಹೊಡೆಯುತ್ತದೆ, ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆಗೆ ಮುಖ ಮಾಡಿರಬೇಕು. ಶೀಟಿನ ಮಾಡಿನ ಸಭಾಭವನದಲ್ಲಿ ಮಳೆ ಹಿಡಿದರೆ ಎಷ್ಟು ಒಳ್ಳೆಯ ಅರ್ಥಧಾರಿಯಾದರೂ ಕೈಚೆಲ್ಲಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥಲ್ಲಿ ತಾಳಮದ್ದಳೆ ಇಟ್ಟುಕೊಳ್ಳುವವರು ಹೆಂಚಿನ ಮನೆಯ ಜಗಲಿಯೋ ತಾರಸಿ ಕಟ್ಟಡವೋ ನೋಡಿಕೊಳ್ಳಲಿ.

ಐದನೆಯದು ಸ್ಫುಟತೆಯ ಅಭಾವ. ಕೇಳುತ್ತದೆ, ಕಾಣುತ್ತದೆ, ಆದರೆ ಎಲ್ಲವೂ ವರದಿಯ ರೂಪದಲ್ಲಿ. 'ಅವನಿಗೆ ಅತೀವ ದುಃಖವಾಯಿತು' ಎಂದು ನಿರೂಪಕ ಹೇಳಿಬಿಡುತ್ತಾನೆ. ಹೇಳಿದರೆ ತಿಳಿಯುತ್ತದೆ, ಆಸ್ವಾದವಾಗುವುದಿಲ್ಲ. ಅಭಿನಯ ಇರುವುದು ಇದನ್ನು ತುಂಬಲು.

ಆರನೆಯದು ಅಪ್ರಧಾನತೆ, ಅಂದರೆ ಗೌಣವಾದದ್ದು ತಲೆಯೆತ್ತುವುದು. ಹಾಸ್ಯಗಾರನ ಹತ್ತು ನಿಮಿಷ ಅರ್ಧ ಗಂಟೆಯಾಗುವುದು, ಹಿಂಬದಿಯ ಪರದೆಯ ಮೇಲೆ ಓಡುವ ಚಿತ್ರಗಳು ನಟನ ಮುಖಕ್ಕಿಂತ ಹೆಚ್ಚು ಮಿನುಗುವುದು. ಪ್ರೇಕ್ಷಕರು ಖುಷಿಪಡುತ್ತಾರೆ, ಮನೆಗೆ ಹೋಗುವಾಗ ಕಥೆಯ ಎಳೆ ಮಾತ್ರ ಕೈಯಲ್ಲಿರುವುದಿಲ್ಲ.

ಏಳನೆಯದು ಸಂಶಯ. ಕಣ್ಣೀರು ದುಃಖಕ್ಕೂ ಬರುತ್ತದೆ, ಸಂತೋಷಕ್ಕೂ, ಕಣ್ಣುಬೇನೆಗೂ. ನಡುಕ ಭಯಕ್ಕೂ ಬರುತ್ತದೆ, ಕೋಪಕ್ಕೂ. ಒಂದೇ ಲಕ್ಷಣವನ್ನು ನೆಚ್ಚಿದರೆ ನೋಡುಗ ಗೊಂದಲಕ್ಕೆ ಬೀಳುತ್ತಾನೆ. ಸೂತ್ರದಲ್ಲಿ 'ಸಂಯೋಗ' ಎಂದಿರುವುದು ಇದಕ್ಕೇ. ವಿಭಾವ, ಅನುಭಾವ, ವ್ಯಭಿಚಾರಿ ಒಟ್ಟಿಗೆ ಸೇರಿದಾಗ ಸಂಶಯ ಉಳಿಯುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ ಈ ಏಳನ್ನು ಕ್ರಮವಾಗಿ ಕೇಳಿಕೊಳ್ಳುವ ಬದಲು ನಾಲ್ಕು ಮತ್ತು ಆರರಿಂದ ಶುರುಮಾಡಿ. ನಮ್ಮ ಕಡೆಯ ಪ್ರದರ್ಶನಗಳ ಮಟ್ಟಿಗೆ ಹೆಚ್ಚಿನ ಉತ್ತರ ಅಲ್ಲೇ ಮುಗಿಯುತ್ತದೆ.

ಧ್ವನಿ ಸಿದ್ಧಾಂತಕ್ಕೂ ಗಮಕಕ್ಕೂ ಸಂಬಂಧವಿದೆಯೇ?

ಆನಂದವರ್ಧನ 9ನೆಯ ಶತಮಾನದಲ್ಲಿ ಹೇಳಿದ್ದು, ಕಾವ್ಯದ ಆತ್ಮ ಧ್ವನಿ ಎಂದು. ಹೇಳಿದ ಮಾತಿನ ಆಚೆಗೆ ಹೊಳೆಯುವ ಅರ್ಥ ಅದು. ಅಂಗಳದಲ್ಲಿ ಅಡಿಕೆ ಹರವಿದ ಮನೆಯಲ್ಲಿ ಅಜ್ಜಿ 'ಮೋಡ ಆತಲ್ರೋ' ಎಂದರೆ ಯಾರೂ ಆಕಾಶದ ವರ್ಣನೆ ಎಂದುಕೊಂಡು ಕೂರುವುದಿಲ್ಲ, ಟಾರ್ಪಲ್ ಹಿಡಿದು ಓಡುತ್ತಾರೆ. ಕಾವ್ಯದಲ್ಲಿ ಹೊಳೆಯುವುದು ಇಂಥ ಸೂಚನೆಯಷ್ಟೇ ಅಲ್ಲ, ಅಲಂಕಾರವೂ ಇರಬಹುದು, ಎಲ್ಲಕ್ಕಿಂತ ಮುಖ್ಯವಾಗಿ ರಸ.

ಗಮಕ ಎಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಅದಕ್ಕೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಿಗೆ 23 ಮಾತ್ರೆ. ಗಣ ಮುರಿದಲ್ಲೆಲ್ಲ ನಿಂತು ಓದಿದರೆ ಲಯ ಉಳಿಯುತ್ತದೆ, ಪದ ಒಡೆದು ಅರ್ಥ ಚೂರಾಗುತ್ತದೆ. ಗಮಕಿ ತಾಳ ಇಟ್ಟುಕೊಳ್ಳದೆ, ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲುತ್ತಾನೆ. ಮಾತಿನ ಆಚೆಯ ಅರ್ಥ ಹೊಳೆಯಲು ಜಾಗ ಸಿಗುವುದು ಹಾಗೆ. ರಾಗವೂ ಭಾವಕ್ಕೆ ತಕ್ಕಂತೆ. ಆಲಾಪನೆ ಉದ್ದವಾಗಿ ಪದ್ಯ ಹಿಂದೆ ಬಿದ್ದರೆ ಅದು ಮೇಲೆ ಹೇಳಿದ ಆರನೆಯ ವಿಘ್ನ.

ಹಸೆ ಚಿತ್ತಾರ ಕಲೆಯೋ, ಕಸುಬೋ, ಆಚರಣೆಯೋ?

ಈ ಪ್ರಶ್ನೆ ಹುಟ್ಟಿದ್ದು ಸಾಗರದಲ್ಲಲ್ಲ, ಯೂರೋಪಿನಲ್ಲಿ. 1746ರಲ್ಲಿ ಫ್ರಾನ್ಸಿನ ಬಾತೋ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯ ಇವನ್ನು ಒಂದು ಗುಂಪಾಗಿ ಕಟ್ಟಿ ಲಲಿತಕಲೆಗಳೆಂದ. ಉಪಯೋಗಕ್ಕೆ ಬರುವವು ಬೇರೆ ಗುಂಪಿಗೆ ಹೋದವು. ಈ ವಿಂಗಡಣೆ ಎಷ್ಟು ಇತ್ತೀಚಿನದು ಎಂದು 1950ರ ದಶಕದ ಆರಂಭದಲ್ಲಿ ಕ್ರಿಸ್ಟೆಲರ್ ಎಂಬ ವಿದ್ವಾಂಸ ವಿವರವಾಗಿ ತೋರಿಸಿದ. ಅದಕ್ಕೂ ಮೊದಲು ಯೂರೋಪಿನಲ್ಲೂ ಚಿತ್ರಕಾರ ಒಬ್ಬ ಕುಶಲಕರ್ಮಿ.

ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವ ಚಿತ್ತಾರವನ್ನು ಹತ್ತಿರದಿಂದ ನೋಡಿ. ಗೋಡೆಗೆ ಕೆಮ್ಮಣ್ಣು ಸಾರಿಸಿ ಒಣಗಿಸಿರುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಆ ನಾರು ಬಣ್ಣವನ್ನು ಸ್ವಲ್ಪವೇ ಹಿಡಿಯುತ್ತದೆ, ಹಾಗಾಗಿ ಗೆರೆ ಶುರುವಾದಲ್ಲಿ ದಪ್ಪ, ಮುಗಿಯುವಲ್ಲಿ ತೆಳು. ಅದ್ದಿದ ಜಾಗ ಗೊತ್ತಾಗುತ್ತದೆ. ಇಂಥ ಗೆರೆಗಳು ಸಮಾನಾಂತರವಾಗಿ ಸಾಲುಗಟ್ಟಿ, ಒಂದನ್ನೊಂದು ದಾಟಿ, ಚೌಕದೊಳಗೆ ಚೌಕ ತುಂಬುತ್ತವೆ. ಮದುವೆಯಲ್ಲಿ ಮದುಮಕ್ಕಳು ಕೂರುವುದು ಇದರ ಮುಂದೆ. ಭೂಮಿ ಹುಣ್ಣಿಮೆಗೆ ಇದೇ ಕೈ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತದೆ, ಆ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ.

ಇದಕ್ಕೆ ಕಾಂಟನ ನಿರಾಸಕ್ತ ನೋಟವನ್ನೇ ಅಳತೆಗೋಲು ಮಾಡಿದರೆ ಮದುವೆ, ಗದ್ದೆ, ಎಡೆ ಎಲ್ಲ ಹೊರಗುಳಿದು ಬರಿಯ ವಿನ್ಯಾಸ ಉಳಿಯುತ್ತದೆ. ಅಮೆರಿಕದ ಜಾನ್ ಡ್ಯೂಯಿ 1934ರಲ್ಲಿ ಕಲೆಯನ್ನು ದಿನದ ಬದುಕಿನಿಂದ ಕಿತ್ತು ಮ್ಯೂಸಿಯಮ್ಮಿನಲ್ಲಿಟ್ಟದ್ದೇ ತಪ್ಪು ಎಂದು ವಾದಿಸಿದ. ಚಿತ್ತಾರದ ಮಟ್ಟಿಗೆ ನಾವು ಅವನ ಕಡೆ.

ಕಾಗದಕ್ಕೋ ಕ್ಯಾನ್ವಾಸಿಗೋ ಇಳಿಸುವಾಗ ಏನು ಬದಲಾಗುತ್ತದೆ ಎಂದು ಬರೆಯುವವರು ಮೊದಲೇ ತಿಳಿದಿದ್ದರೆ ಒಳ್ಳೆಯದು. ಅಕ್ಕಿಯ ಬಿಳಿ ಬರಿಯ ಪಿಷ್ಟ. ಮಲೆನಾಡಿನ ಮಳೆಗಾಲದ ತೇವಕ್ಕೆ ಅದು ಬೂಸ್ಟು ಹಿಡಿಯುತ್ತದೆ, ಹುಳುವನ್ನೂ ಕರೆಯುತ್ತದೆ. ಗೋಡೆಯಲ್ಲಾದರೆ ಮತ್ತೆ ಸಾರಿಸಿ ಬರೆಯುತ್ತಿದ್ದರು, ಕಟ್ಟು ಹಾಕಿದ ಚಿತ್ರದಲ್ಲಿ ಅದು ಆಗದು. ಅಕ್ರಿಲಿಕ್ ಬಳಸಿದರೆ ಬಾಳಿಕೆ ಬರುತ್ತದೆ, ಆದರೆ ನೈಲಾನ್ ಕುಂಚದಿಂದ ಎಳೆದರೆ ಗೆರೆ ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪವಾಗಿ ಮುದ್ರಿಸಿದಂತೆ ಕಾಣುತ್ತದೆ. ಪುಂಡಿ ನಾರನ್ನೇ ಉಳಿಸಿಕೊಂಡು ಬಣ್ಣವನ್ನು ಮಾತ್ರ ಬದಲಿಸುವುದು ನಡುದಾರಿ. ಹೋಮ್‌ಸ್ಟೇ ಗೋಡೆಗೆ ಬರೆಸುವವರಿಗೆ ಒಂದು ಮಾತು: ಬಾಸಿಂಗವೂ ದಂಡಿಗೆಯೂ ಮದುವೆಗೆ ಸೇರಿದವು, ಊಟದ ಮೇಜಿನ ಹಿಂದೆ ಅವು ಯಾಕಿರಬೇಕು ಎಂದು ಬರೆಯುವ ಅಕ್ಕನನ್ನೇ ಕೇಳಿ. ಬೇರೆ ಏನು ಬರೆಯಬಹುದೆಂದು ಅವರಿಗೆ ಗೊತ್ತಿರುತ್ತದೆ.

ಮೂತ್ರಾಲಯದ ಬೇಸಿನ್ನು ಕಲೆಯಾದದ್ದು ಹೇಗೆ?

1917ರಲ್ಲಿ ಮಾರ್ಸೆಲ್ ಡುಶಾಂಪ್ ಅಂಗಡಿಯಿಂದ ತಂದ ಬೇಸಿನ್ನಿಗೆ ಬೇರೊಂದು ಹೆಸರಿನ ಸಹಿ ಹಾಕಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕೊಟ್ಟ. ಶುಲ್ಕ ಕಟ್ಟಿದ ಯಾರ ಕೃತಿಯನ್ನೂ ನಿರಾಕರಿಸುವುದಿಲ್ಲ ಎಂದಿದ್ದ ಸಂಘ ಅದನ್ನು ಪ್ರದರ್ಶನಕ್ಕಿಡಲಿಲ್ಲ. ಮೂಲ ವಸ್ತು ಕಳೆದುಹೋಗಿದೆ, ಮ್ಯೂಸಿಯಮ್ಮುಗಳಲ್ಲಿರುವುದು ನಂತರ ಮಾಡಿಸಿದ ಪ್ರತಿಗಳು.

1964ರಲ್ಲಿ ಆಂಡಿ ವಾರ್ಹಾಲ್ ಸೋಪಿನ ಪ್ಯಾಡ್ ತುಂಬುವ ರಟ್ಟಿನ ಡಬ್ಬಿಗಳಂತೆಯೇ ಕಾಣುವ ಪ್ಲೈವುಡ್ ಡಬ್ಬಿಗಳನ್ನು ಗ್ಯಾಲರಿಯಲ್ಲಿ ಪೇರಿಸಿದ. ಅದೇ ವರ್ಷ ಆರ್ಥರ್ ಡಾಂಟೋ ಬರೆದ: ಕಣ್ಣಿಗೆ ಎರಡೂ ಒಂದೇ ಆಗಿರುವಾಗ ಒಂದು ಕಲೆ, ಇನ್ನೊಂದು ಅಲ್ಲ ಎನ್ನಲು ಬೇಕಾದದ್ದು ಕಣ್ಣಿಗೆ ಕಾಣದ್ದು. ಸಿದ್ಧಾಂತದ ವಾತಾವರಣ, ಕಲೆಯ ಇತಿಹಾಸದ ಅರಿವು. ಜಾರ್ಜ್ ಡಿಕಿ ಇದನ್ನು ಸಂಸ್ಥೆಗಳ ಕಡೆಗೆ ಎಳೆದು, ಕಲಾಲೋಕದ ಪರವಾಗಿ ಯಾರಾದರೂ ಆ ಸ್ಥಾನ ಕೊಟ್ಟರೆ ಅದು ಕಲೆ ಎಂದ.

ಇದು ಮೊದಲ ಪ್ರಶ್ನೆಗಷ್ಟೇ ಉತ್ತರ ಎನ್ನುವುದನ್ನು ಮರೆಯಬೇಡಿ. ಬೇಸಿನ್ನು ಕಲೆ ಎಂದು ಒಪ್ಪಿದರೆ ಅದು ಒಳ್ಳೆಯ ಕಲೆ ಎಂದು ಒಪ್ಪಿದಂತಾಗಲಿಲ್ಲ.

ಜೋಗ ಸುಂದರವೋ, ಭವ್ಯವೋ? ಪ್ರಕೃತಿಯೂ ಈ ಶಾಸ್ತ್ರದ ವಿಷಯವೇ?

ಹೌದು. ಎಡ್ಮಂಡ್ ಬರ್ಕ್ 1757ರಲ್ಲಿ ಸುಂದರವನ್ನೂ ಭವ್ಯವನ್ನೂ ಬೇರೆ ಮಾಡಿದ. ಚಿಕ್ಕದು, ನುಣುಪಾದದ್ದು ಸುಂದರ. ಅಗಾಧವಾದದ್ದು, ಕತ್ತಲಾದದ್ದು, ಅಪಾಯವನ್ನು ನೆನಪಿಸುವುದು ಭವ್ಯ. ಕಾಂಟ್ ಒಂದು ಷರತ್ತು ಸೇರಿಸಿದ: ನಾವು ಸುರಕ್ಷಿತ ಜಾಗದಲ್ಲಿ ನಿಂತಿರಬೇಕು. ಆಷಾಢದಲ್ಲಿ 253 ಮೀಟರ್ ಮೇಲಿಂದ ಧುಮುಕುವ ಶರಾವತಿಯನ್ನು ಕಟಕಟೆಯ ಈಚೆ ನಿಂತು ನೋಡಿದರೆ ಭವ್ಯ. ಜಾರುವ ಬಂಡೆಯ ಮೇಲೆ ಸೆಲ್ಫಿಗೆ ನಿಂತವನಿಗೆ ಅದು ಬರಿಯ ಅಪಾಯ.

1966ರಲ್ಲಿ ರೊನಾಲ್ಡ್ ಹೆಪ್ಬರ್ನ್ ಈ ಶಾಸ್ತ್ರ ಪ್ರಕೃತಿಯನ್ನು ಮರೆತೇಬಿಟ್ಟಿದೆ ಎಂದು ಎಚ್ಚರಿಸಿದ. ಅವನ ನಂತರ ಆಲನ್ ಕಾರ್ಲ್‌ಸನ್, ಪ್ರಕೃತಿಯನ್ನು ಚೌಕಟ್ಟಿನ ಚಿತ್ರದಂತೆ ನೋಡಬಾರದು, ಅದರ ಬಗೆಗಿನ ತಿಳಿವಳಿಕೆಯೊಂದಿಗೆ ನೋಡಬೇಕು ಎಂದ. ಇದು ನಮಗೆ ತೀರಾ ಹತ್ತಿರದ ಮಾತು. ಬಸ್ಸಿನ ಕಿಟಕಿಯಿಂದ ಅಕೇಶಿಯಾ ನೆಡುತೋಪೂ ಹಸಿರು, ಸಹಜ ಕಾಡೂ ಹಸಿರು. ತಿಳಿದವನ ಕಣ್ಣಿಗೆ ಒಂದೇ ವಯಸ್ಸಿನ, ಒಂದೇ ಜಾತಿಯ, ಸಾಲು ಹಿಡಿದ ಮರಗಳು ಮೊದಲಿನ ಹಾಗೆ ಚಂದ ಕಾಣುವುದಿಲ್ಲ. ಜೋಗಕ್ಕೂ ಇದು ಅನ್ವಯಿಸುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮೇಲುಗಡೆ ನೀರು ಹಿಡಿದ ಮೇಲೆ ಬೇಸಿಗೆಯ ಜಲಪಾತ ವಿದ್ಯುತ್ತಿನ ಲೆಕ್ಕಾಚಾರಕ್ಕೂ ಸೇರಿದ್ದು. ಅದು ತಿಳಿದ ಮೇಲೂ ಅದೇ ಭವ್ಯತೆ ಉಳಿಯುತ್ತದೆಯೇ? ಹೆಪ್ಬರ್ನನೂ ಕಾರ್ಲ್‌ಸನ್ನನೂ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ತರಗತಿಯಲ್ಲಿ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ.

ಎಐ ಮಾಡಿದ ಚಿತ್ರ ಕಲೆಯೇ?

ಡಿಕಿಯ ಪ್ರಕಾರ ಆಗಬಹುದು. 1938ರಲ್ಲಿ ಕಾಲಿಂಗ್‌ವುಡ್ ಹೇಳಿದ್ದರ ಪ್ರಕಾರ ಕಷ್ಟ. ಕಲಾವಿದನಿಗೆ ತನ್ನ ಭಾವ ಏನೆಂದು ಸ್ಪಷ್ಟವಾಗುವುದು ಮಾಡುತ್ತಾ ಮಾಡುತ್ತಾ, ಮೊದಲೇ ಗೊತ್ತಿರುವ ಗುರಿಗೆ ಸಾಧನ ಹೂಡುವುದು ಕಸುಬು ಎಂಬುದು ಅವನ ಭೇದ. ಯಂತ್ರಕ್ಕೆ ನಾಲ್ಕು ಸಾಲು ಬರೆದು ಮೊದಲು ಬಂದದ್ದನ್ನು ಒಪ್ಪಿಕೊಂಡರೆ ಅಲ್ಲಿ ಸ್ಪಷ್ಟವಾಗುವಂಥದ್ದು ಏನೂ ಇಲ್ಲ. ಅದನ್ನೇ ಕಚ್ಚಾ ವಸ್ತುವಾಗಿಟ್ಟುಕೊಂಡು ತಿದ್ದಿ, ಕತ್ತರಿಸಿ, ಬಿಟ್ಟು, ಮತ್ತೆ ಕಟ್ಟಿದರೆ ಮಾತು ಬೇರೆ.

ನಮಗೆ ಇದಕ್ಕಿಂತ ಮುಖ್ಯವೆನಿಸುವುದು ಶಂಕುಕನ ಕುದುರೆ. ಬರೆದ ಕುದುರೆಯ ಸುಖ ಇರುವುದು ಅದನ್ನು ನಿಜವೆಂದೂ ಸುಳ್ಳೆಂದೂ ತೂಗದೆ ನೋಡುವುದರಲ್ಲಿ. ಇಲ್ಲದ ಘಟನೆಯನ್ನು ಇದ್ದಂತೆ ತೋರಿಸುವ ವಿಡಿಯೋ ನೋಡುಗನನ್ನು ನೇರವಾಗಿ 'ನಿಜ' ಎಂಬಲ್ಲಿಗೆ ತಳ್ಳುತ್ತದೆ. ಅಲ್ಲಿಂದ ಮುಂದೆ ಅದು ಕಲೆಯ ಮಾತಲ್ಲ, ಮೋಸದ ಮಾತು. ಇನ್ನು ಆಟದ ಪೋಸ್ಟರಿಗೆ ಯಂತ್ರದ ಚಿತ್ರ ಬಳಸುವವರು ಮುದ್ರಣಕ್ಕೆ ಕೊಡುವ ಮೊದಲು ಕಿರೀಟ, ಎದೆಕಟ್ಟು, ಗೆಜ್ಜೆ, ಕೈಬೆರಳು ಇವನ್ನು ವೇಷ ಬಲ್ಲವರಿಗೆ ತೋರಿಸಲಿ. ಯಕ್ಷಗಾನದ ಎರಡು ಶೈಲಿಗಳಾದ ತೆಂಕು, ಬಡಗು ಎರಡೂ ಒಂದೇ ತಲೆಯ ಮೇಲೆ ಬಂದು ಕೂತಿದ್ದರೆ ಅವರ ಕಣ್ಣಿಗೆ ಕೂಡಲೇ ಬೀಳುತ್ತದೆ.

ಕೃತಿಯನ್ನು ಅರ್ಥಮಾಡಿಕೊಳ್ಳಲು ಕಲಾವಿದನ ಉದ್ದೇಶ ತಿಳಿದಿರಬೇಕೆ?

ಬೇಕಿಲ್ಲ, ಅದು ಸಿಗುವಂಥದ್ದೂ ಅಲ್ಲ ಎಂದು ವಿಮ್‌ಸ್ಯಾಟ್ ಮತ್ತು ಬಿಯರ್ಡ್‌ಸ್ಲಿ 1946ರಲ್ಲಿ ವಾದಿಸಿದರು. ಈ ವಾದ ಕವಿತೆಗೆ ಚೆನ್ನಾಗಿ ಹೊಂದುತ್ತದೆ, ಡುಶಾಂಪನ ಬೇಸಿನ್ನಿಗೆ ಹೊಂದುವುದಿಲ್ಲ.

ನಾಟಕ ನೋಡಿ 600 ಪದದ ವಿಮರ್ಶೆ ಬರೆಯಬೇಕು. ಎಲ್ಲಿಂದ ಶುರು?

ಅದೇ ರಾತ್ರಿ, ಯಾರೊಂದಿಗೂ ಚರ್ಚಿಸುವ ಮೊದಲು, ಕಂಡದ್ದನ್ನು ಹತ್ತು ಸಾಲು ಬರೆಯಿರಿ. ಅದರಲ್ಲಿ ಅದ್ಭುತ, ಮನಮುಟ್ಟುವ, ಮನೋಜ್ಞ ಎಂಬ ಪದಗಳು ಬೇಡ. ಯಾರು ಎಲ್ಲಿ ನಿಂತರು, ಬೆಳಕು ಯಾವ ಕಡೆಯಿಂದ ಬಂತು, ಮಾತು ಎಲ್ಲಿ ನಿಂತಿತು, ಅಷ್ಟೇ. ಮರುದಿನ ಎರಡು ಮೂರು ನಿಮಿಷದ ಒಂದೇ ಗಳಿಗೆಯನ್ನು ಆರಿಸಿಕೊಂಡು ವಿಭಾವ, ಅನುಭಾವ, ವ್ಯಭಿಚಾರಿಗಳಾಗಿ ಬಿಡಿಸಿ. ಹತ್ತಲಿಲ್ಲ ಎನಿಸಿದರೆ ವಿಘ್ನಗಳ ಪಟ್ಟಿ ತೆಗೆಯಿರಿ. ನಂತರ ಅದೇ ನಾಟಕದ ಅಥವಾ ಅದೇ ನಿರ್ದೇಶಕರ ಇನ್ನೊಂದು ಪ್ರದರ್ಶನದೊಂದಿಗೆ ಹೋಲಿಸಿ. ತೀರ್ಪು ಕೊನೆಗೆ.

ಅಳತೆ ಹೀಗಿರಲಿ: ವಿವರಣೆಗೆ 250, ಬಿಡಿಸಿ ನೋಡುವುದಕ್ಕೆ 200, ಹೋಲಿಕೆಗೆ 100, ತೀರ್ಪಿಗೆ 50 ಪದ. ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ, ಕಥಾಸಾರಾಂಶಕ್ಕೇ 400 ಹೋಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಒಂಬತ್ತು ರಸಗಳನ್ನೂ ಹುಡುಕಿ ಪಟ್ಟಿ ಮಾಡುವುದು. ಪ್ರಧಾನ ರಸ ಒಂದೇ, ಉಳಿದವು ಅದಕ್ಕೆ ಅಂಗ.

'ಲಾಲಿತ್ಯವಿತ್ತು', 'ಬಿಗಿಯಿತ್ತು' ಎಂಬಂಥ ಮಾತುಗಳನ್ನು ಬಳಸಲೇಬೇಡಿ ಎನ್ನುತ್ತಿಲ್ಲ. ಫ್ರಾಂಕ್ ಸಿಬ್ಲಿ 1959ರಲ್ಲಿ ತೋರಿಸಿದಂತೆ ಅವು ಕಣ್ಣಿಗೆ ಕಾಣುವ ಗೆರೆ, ವೇಗ, ವಿರಾಮಗಳನ್ನು ಆಧರಿಸಿರುತ್ತವೆ, ಆದರೆ ಅವುಗಳಿಂದ ಲೆಕ್ಕ ಹಾಕಿ ತೆಗೆಯಲು ಬರುವುದಿಲ್ಲ. ಆದ್ದರಿಂದ ಅಂಥ ಪ್ರತಿ ಮಾತಿನ ಪಕ್ಕ, ಅದು ಯಾವ ಗೆರೆಯಲ್ಲಿ, ಯಾವ ವಿರಾಮದಲ್ಲಿ ಕಂಡಿತು ಎಂದು ಬೆರಳು ಮಾಡಿ ತೋರಿಸಿ.

ಸಂಸ್ಕೃತವೂ ಇಂಗ್ಲಿಷೂ ಸರಿಯಾಗಿ ಬಾರದವರು ಇದನ್ನು ಓದಬಹುದೆ?

ಧಾರಾಳವಾಗಿ. 9ನೆಯ ಶತಮಾನದ ಕವಿರಾಜಮಾರ್ಗದಿಂದಲೇ ಕನ್ನಡ ಈ ವಿಷಯ ಮಾತಾಡುತ್ತಿದೆ. ಭಾರತೀಯ ವಿಚಾರಕ್ಕೆ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಇಂದಿಗೂ ಮೊದಲ ಮೆಟ್ಟಿಲು. ಅದರಲ್ಲಿ ರಸದ ಅಧ್ಯಾಯಗಳನ್ನು ಮೊದಲು ಓದಿ, ಅಲಂಕಾರದ ಭಾಗ ಆಮೇಲೆ ನೋಡಿದರಾಯಿತು. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರು ಸೌಂದರ್ಯವನ್ನೇ ತಮ್ಮ ಪಿಎಚ್.ಡಿ. ಪ್ರಬಂಧದ ವಿಷಯ ಮಾಡಿಕೊಂಡರು, 'ಸೌಂದರ್ಯ ಸಮೀಕ್ಷೆ' ಅದರ ಫಲ. ಕುಪ್ಪಳಿಯ ಕುವೆಂಪು ಅವರ ವಿಮರ್ಶಾ ಬರಹಗಳು ರಸವನ್ನು ದರ್ಶನದ ಕಡೆಗೆ ಒಯ್ಯುತ್ತವೆ, ಒಪ್ಪದಿದ್ದರೂ ಓದಬೇಕಾದವು.

ಪುಸ್ತಕಕ್ಕಿಂತ ನೋಡುವ ಅಭ್ಯಾಸ ಮೊದಲು ಬೇಕೆನ್ನುವವರಿಗೆ ಸಾಗರದ ಬಳಿಯ ಹೆಗ್ಗೋಡಿದೆ. ಅಲ್ಲಿ 1949ರಲ್ಲಿ ಶುರುವಾದ ನೀನಾಸಮ್ ಸಂಸ್ಥೆ, ಚಿತ್ರಸಮಾಜದ ಮೂಲಕ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿ, 1980ರಿಂದ ರಂಗಶಿಕ್ಷಣ ಕೊಟ್ಟು, 1985ರಿಂದ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ದಿದೆ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ತಿರುಗಾಟ ನಿಮ್ಮ ಊರಿಗೆ ಬಂದಾಗ ಎರಡು ನಾಟಕಗಳಿದ್ದರೆ ಎರಡನ್ನೂ ನೋಡಿ. ಅದೇ ನಟರು ಬೇರೆ ಬೇರೆ ಪಾತ್ರಗಳಲ್ಲಿ ಸಿಗುವುದರಿಂದ ಹೋಲಿಕೆಯ ಅಭ್ಯಾಸ ಅಲ್ಲಿಂದಲೇ ಶುರುಮಾಡಬಹುದು.